ಶಾಸ್ತ್ರದಾನವೋ? ಕಾಗದದ ಪರಿಗ್ರಹವೋ?

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕಿರುವ ಹಿರಿಮೆಯನ್ನು ಜೈನ ಸಮಾಜಕ್ಕೆ ಹೊಸದಾಗಿ ಹೇಳಬೇಕಾದುದಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿಯನ್ನು ಗ್ರಂಥ ಬಿಡುಗಡೆಯ ಸಮಾರಂಭಗಳಲ್ಲಿ ಭಾಷಣಕಾರರು ತಪ್ಪದೆ ನೆನೆಯುತ್ತಾರೆ. ನೆನೆಯಬೇಕಾದುದೇ ಸರಿ. ಆದರೆ ಹಾಗೆ ನೆನೆಯುವಾಗ ಒಂದು ಅಂಶ ಮರೆತುಹೋಗುತ್ತದೆ. ಆ ಸಾವಿರ ಪ್ರತಿಗಳಲ್ಲಿ ಒಂದೊಂದನ್ನೂ ಲಿಪಿಕಾರನೊಬ್ಬನು ಓಲೆಯ ಮೇಲೆ ಅಕ್ಷರ ಅಕ್ಷರವಾಗಿ ಕೈಯಾರೆ ಬರೆದಿದ್ದನು. ಅಷ್ಟು ಶ್ರಮದಿಂದ ಸಿದ್ಧವಾದುದನ್ನು ಓದುವವನಿಲ್ಲದ ಕಡೆಗೆ ಯಾರೂ ಕಳುಹಿಸುತ್ತಿರಲಿಲ್ಲ. ಇಂದು ಸಾವಿರ ಪ್ರತಿ ಎಂಬುದು ಮುದ್ರಣಾಲಯದ ಒಂದು ಬೆಳಗಿನ ಕೆಲಸ. ಸಂಖ್ಯೆ ಮಾತ್ರ ಹಾಗೆಯೇ ಉಳಿದಿದೆ. ಅದರ ಹಿಂದಿದ್ದ ವಿವೇಕ ಉಳಿದಿದೆಯೇ?

ಮಹೋತ್ಸವವೊಂದು ಮುಗಿದ ಮರುವರ್ಷ ಬಸದಿಯ ಉಗ್ರಾಣವನ್ನು ತೆರೆದು ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಛತ್ರ ಚಾಮರಗಳ ಪಕ್ಕದಲ್ಲಿ, ಮುದ್ರಣಾಲಯದಿಂದ ಬಂದ ಹುರಿಯನ್ನೂ ಬಿಚ್ಚದ ಸ್ಮರಣ ಸಂಚಿಕೆಯ ಕಟ್ಟುಗಳು ಎದೆಯೆತ್ತರಕ್ಕೆ ಒಟ್ಟಿರುತ್ತವೆ. ಮಳೆಗಾಲದ ತೇವಕ್ಕೆ ಹೊಳಪಿನ ಪುಟಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿರುತ್ತವೆ. ಕೆಳಗಿನ ಕಟ್ಟುಗಳಿಗೆ ಗೆದ್ದಲು ಹತ್ತಿರುತ್ತದೆ. ಗೆದ್ದಲು ಕಂಡೊಡನೆ ಆಡಳಿತ ಮಂಡಳಿ ಕೀಟನಾಶಕ ಸಿಂಪಡಿಸುವವರನ್ನು ಕರೆಸುತ್ತದೆ. ಅಹಿಂಸೆಯೇ ಪರಮಧರ್ಮವೆಂದು ಸಾರುವ ಲೇಖನಗಳನ್ನು ಹೊತ್ತ, ಯಾರೂ ಓದದ ಪುಟಗಳನ್ನು ಉಳಿಸುವ ಸಲುವಾಗಿ ಸಹಸ್ರಾರು ತ್ರಸಜೀವಿಗಳ ಪ್ರಾಣಹರಣವಾಗುತ್ತದೆ. ಇದಕ್ಕಿಂತ ಕಹಿಯಾದ ವಿಪರ್ಯಾಸವನ್ನು ಕಲ್ಪಿಸಲು ಸಾಧ್ಯವೇ? ಇದನ್ನು ಶಾಸ್ತ್ರದಾನವೆಂದು ಕರೆಯುವುದು ಆ ಮಹಾಶಬ್ದಕ್ಕೆ ಮಾಡುವ ಅಪಚಾರ.

ಅನರ್ಥದಂಡದ ಐದು ಮುಖಗಳು

ಗೃಹಸ್ಥನು ಸ್ಥಾವರ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಲಾರನೆಂಬುದನ್ನು ಆಚಾರ್ಯರು ಅರಿತೇ ಅಣುವ್ರತಗಳನ್ನು ವಿಧಿಸಿದರು. ಆದರೆ ಅನಿವಾರ್ಯವಾದ ಹಿಂಸೆಗೂ ಪ್ರಯೋಜನವಿಲ್ಲದ ಹಿಂಸೆಗೂ ನಡುವೆ ಅವರು ಒಂದು ಗೆರೆಯನ್ನು ಎಳೆದಿದ್ದಾರೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಪ್ರಮಾದಚರ್ಯೆ ಎಂಬುದನ್ನೂ ಎಣಿಸಿದ್ದಾರೆ. ಫಲವಿಲ್ಲದೆ ಭೂಮಿ, ಜಲ, ಅಗ್ನಿ, ವಾಯುಗಳನ್ನು ಕದಡುವುದು, ಕಾರಣವಿಲ್ಲದೆ ಸಸ್ಯಗಳನ್ನು ಕಡಿಯುವುದು ಇದರ ಲಕ್ಷಣ.

ಈ ಐದನ್ನೂ ಒಂದು ಸ್ಮರಣ ಸಂಚಿಕೆಯೊಡನೆ ಹೋಲಿಸಿ ನೋಡಬಹುದು. ಕಾಗದದ ತಿರುಳಿಗೆ ಬಿದಿರು, ನೀಲಗಿರಿ ಮೊದಲಾದವು ಬೀಳುತ್ತವೆ, ಅದು ವನಸ್ಪತಿಕಾಯ. ತಿರುಳನ್ನು ಬೇಯಿಸಿ, ತೊಳೆದು, ಬಿಳುಪುಗೊಳಿಸಲು ಅಪಾರವಾದ ನೀರು ಬೇಕು, ಅದು ಜಲಕಾಯ. ಆರ್ಟ್ ಪೇಪರಿನ ಹೊಳಪಿಗೆ ಭೂಮಿಯಿಂದ ಅಗೆದ ಬಿಳಿಜೇಡಿಯನ್ನೋ ಸುಣ್ಣದ ಪುಡಿಯನ್ನೋ ಲೇಪಿಸುತ್ತಾರೆ, ಅದು ಪೃಥ್ವೀಕಾಯ. ಹಾಳೆಯನ್ನು ಒಣಗಿಸಲು ಶಾಖ ಬೇಕು, ಅದು ತೇಜಃಕಾಯ. ಆಫ್‌ಸೆಟ್ ಯಂತ್ರದ ನೀರಿಗೆ ಬೆರೆಸುವ ಆಲ್ಕೋಹಾಲು, ಉರುಳೆಗಳನ್ನು ತೊಳೆಯುವ ದ್ರಾವಕಗಳು ಆವಿಯಾಗಿ ಗಾಳಿಗೆ ಸೇರುತ್ತವೆ, ಅದು ವಾಯುಕಾಯ. ಪ್ರಮಾದಚರ್ಯೆಯ ಐದು ಮುಖಗಳೂ ಒಂದು ಪುಸ್ತಕದಲ್ಲಿ ಬಂದು ಸೇರುತ್ತವೆ. ಓದುಗನಿಗೆ ಜ್ಞಾನಲಾಭವಾದರೆ ಆ ಆರಂಭಕ್ಕೆ ಒಂದು ಅರ್ಥವುಂಟು. ಓದುಗನೇ ಇಲ್ಲದಿದ್ದರೆ ಅದು ಅಕ್ಷರಶಃ ಅನರ್ಥ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ವಾದ ಮುದ್ರಣದ ವಿರುದ್ಧವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೈನ ಶಾಸ್ತ್ರಗಳನ್ನು ಅಚ್ಚು ಹಾಕುವುದನ್ನು ಸಂಪ್ರದಾಯಸ್ಥರು ತೀವ್ರವಾಗಿ ವಿರೋಧಿಸಿದ್ದರು. ಅದರಿಂದ ಶಾಸ್ತ್ರಕ್ಕೆ ಅವಿನಯವಾಗುವುದೆಂದು ಅಂಜಿದ್ದರು. ಕಾಲವು ಆ ವಿರೋಧವನ್ನು ಒಪ್ಪಲಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ತಾಳೆಯೋಲೆಗಳಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದ ‘ಧವಲಾ’ ಟೀಕೆಯು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 1959ರವರೆಗೆ 16 ಸಂಪುಟಗಳಾಗಿ ಅಚ್ಚಾದುದರಿಂದಲೇ ಅದು ಅಧ್ಯಯನಕ್ಕೆ ದಕ್ಕಿತು. ಹಾಗೆ ಅಚ್ಚಾದ ಒಂದೊಂದು ಹಾಳೆಯೂ ಸಾರ್ಥಕ. ಆದರೆ ಹಿರಿಯರ ಭಯದಲ್ಲಿ ಒಂದು ಸತ್ಯಾಂಶವಿತ್ತು. ಬರೆಯುವುದು ಸುಲಭವಾದೊಡನೆ ಬರೆದುದರ ಬಗೆಗಿನ ಗೌರವ ಸಡಿಲವಾಗುತ್ತದೆಂಬುದು ಇಂದು ಉಗ್ರಾಣಗಳಲ್ಲಿ ಸಾಬೀತಾಗುತ್ತಿದೆ.

ಕೊನೆಗೆ ಕರೆಯಲ್ಪಡುವ ವಿದ್ಯಾರ್ಥಿ

ಈಚಿನ ದಶಕಗಳಲ್ಲಿ ಜೈನ ಕುಟುಂಬಗಳ ಅನೇಕ ಮಕ್ಕಳು ಗ್ರಾಫಿಕ್ ವಿನ್ಯಾಸವನ್ನು ವಿಷಯವಾಗಿ ಆರಿಸಿಕೊಂಡು ಓದುತ್ತಿದ್ದಾರೆ. ಪುಸ್ತಕ, ಪತ್ರಿಕೆ, ಭಿತ್ತಿಪತ್ರಗಳ ರೂಪವನ್ನು ನಿರ್ಧರಿಸುವ ವಿದ್ಯೆ ಇದು. ರಜೆಗೆ ಊರಿಗೆ ಬಂದ ಇಂತಹ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ಟ್ರಸ್ಟಿನ ಹಿರಿಯರು ಕರೆದು, “ಸಂಚಿಕೆ ಚೆನ್ನಾಗಿ ಕಾಣುವ ಹಾಗೆ ಮಾಡಿಕೊಡು ಮಗು” ಎನ್ನುತ್ತಾರೆ. ಆ ಹೊತ್ತಿಗೆ ಪುಟಸಂಖ್ಯೆ, ಪ್ರತಿಗಳ ಸಂಖ್ಯೆ, ಕಾಗದ, ಹೊದಿಕೆ ಎಲ್ಲವೂ ನಿಶ್ಚಯವಾಗಿಬಿಟ್ಟಿರುತ್ತದೆ. ಮಗುವಿಗೆ ಉಳಿಯುವುದು ಅಂಚಿನ ಬಳ್ಳಿ ಮತ್ತು ಶೀರ್ಷಿಕೆಯ ಬಣ್ಣ. ಪುಸ್ತಕವೊಂದು ಲೋಕಕ್ಕೆ ಎಷ್ಟು ಭಾರವಾಗುವುದೆಂಬುದು ಯಂತ್ರದ ಬಳಿಯಲ್ಲಿ ನಿರ್ಧಾರವಾಗುವುದಿಲ್ಲ. ಅದು ವಿನ್ಯಾಸದ ಮೇಜಿನಲ್ಲಿ, ಮೊದಲ ಗೆರೆ ಬೀಳುವುದಕ್ಕೂ ಮುಂಚೆ ನಿರ್ಧಾರವಾಗುತ್ತದೆ. ಆ ಮೇಜಿಗೆ ವಿದ್ಯಾರ್ಥಿಯನ್ನು ಕರೆಯದೆ, ಅಲಂಕಾರಕ್ಕೆ ಮಾತ್ರ ಕರೆಯುವುದು ಟ್ರಸ್ಟುಗಳ ಮೊದಲನೆಯ ತಪ್ಪು.

ತಪ್ಪು ಒಂದೇ ಕಡೆಯದಲ್ಲ. ಈಗ ‘ಪರಿಸರಸ್ನೇಹಿ ಮುದ್ರಣ’ ಎಂಬುದು ವಿನ್ಯಾಸ ಶಾಲೆಗಳ ಪ್ರಾಜೆಕ್ಟುಗಳಿಗೆ ಪ್ರಿಯವಾದ ವಿಷಯವಾಗಿದೆ. ಆದರೆ ಅನೇಕ ಬಾರಿ ಅದು ಒಂದು ವೇಷವಾಗಿಯೇ ಉಳಿಯುತ್ತದೆ. ಕಂದು ಬಣ್ಣದ ಒರಟು ಕಾಗದ, ಮೂಲೆಯಲ್ಲಿ ಹಸಿರೆಲೆಯ ಚಿತ್ರ, ಸೆಣಬಿನ ದಾರ. ಇಷ್ಟಾದರೆ ಪುಸ್ತಕ ಪರಿಸರಸ್ನೇಹಿಯಾಯಿತೆಂಬ ಭ್ರಮೆ. ಆ ಕಂದು ಕಾಗದ ಎಷ್ಟು ದೂರದಿಂದ ಬಂದಿತು, ಕತ್ತರಿಸಿದಾಗ ಎಷ್ಟು ಭಾಗ ರದ್ದಿಗೆ ಹೋಯಿತು, ಪುಸ್ತಕವನ್ನು ಎಷ್ಟು ಜನ ಓದಿದರು ಎಂಬ ಪ್ರಶ್ನೆಗಳನ್ನು ಕೇಳುವವರಿಲ್ಲ. ಒಳಗಿನ ತ್ಯಾಗವಿಲ್ಲದೆ ಹೊರಗಿನ ಲಾಂಛನವನ್ನು ಮಾತ್ರ ಧರಿಸುವುದನ್ನು ಶಾಸ್ತ್ರಕಾರರು ದ್ರವ್ಯಲಿಂಗವೆಂದು ಕರೆದರು. ಈ ಹಸಿರು ವೇಷಕ್ಕೂ ಆ ಮಾತು ಸಲ್ಲುತ್ತದೆ.

ಭಾರತದಲ್ಲಿ ವಿನ್ಯಾಸ ಶಿಕ್ಷಣದ ಬುನಾದಿಯಲ್ಲಿ ಇಂತಹ ವೇಷಕ್ಕೆ ಸ್ಥಾನವಿರಲಿಲ್ಲ. ಭಾರತ ಸರ್ಕಾರದ ಆಹ್ವಾನದ ಮೇಲೆ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಒಂದು ವರದಿಯನ್ನು ಸಲ್ಲಿಸಿದರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದುದು ಆ ವರದಿಯ ಪ್ರೇರಣೆಯಿಂದ. ಈ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲಿ ಆ ದಂಪತಿಗಳು ಬಹುವಾಗಿ ಮೆಚ್ಚಿಕೊಂಡುದು ಸಾಮಾನ್ಯ ತಂಬಿಗೆಯನ್ನು. ಅದರಲ್ಲಿ ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈಯ ಶಕ್ತಿ ಎಷ್ಟು, ಸೊಂಟದ ಮೇಲೆ ಹೇಗೆ ಕೂರಬೇಕು, ಬಳಸಿ ಮುಗಿದ ಮೇಲೆ ಅದರ ಲೋಹಕ್ಕೆ ಏನು ಬೆಲೆ ಎಂಬಂತಹ ಪ್ರಶ್ನೆಗಳ ಉದ್ದನೆಯ ಪಟ್ಟಿಯನ್ನೇ ಅವರು ಮುಂದಿಟ್ಟರು. ವಿನ್ಯಾಸವೆಂದರೆ ಮೊದಲು ಪ್ರಶ್ನೆ, ಅನಂತರ ರೂಪ ಎಂಬುದು ಅದರ ಪಾಠ. ಪುಸ್ತಕವನ್ನು ವಿನ್ಯಾಸಗೊಳಿಸುವ ವಿದ್ಯಾರ್ಥಿಯೂ ಇಂತಹ ಪ್ರಶ್ನೆಗಳಿಂದಲೇ ತೊಡಗಬೇಕು.

ಓಲೆ ಕಲಿಸುವ ಗಣಿತ

ಪ್ರಾಚೀನ ಲಿಪಿಕಾರನು ಓಲೆಗೆ ತನ್ನ ಇಷ್ಟದ ಆಕಾರವನ್ನು ಹೇರಲಿಲ್ಲ. ಶ್ರೀತಾಳೆಯ ಗರಿ ಎಷ್ಟು ಉದ್ದ, ಎಷ್ಟು ಅಗಲ ಬೆಳೆದಿತ್ತೋ ಅದೇ ಗ್ರಂಥದ ಅಳತೆಯಾಯಿತು. ಆದುದರಿಂದಲೇ ನಮ್ಮ ದೇಶದ ಹಸ್ತಪ್ರತಿಗಳು ನೀಳವಾಗಿವೆ. ವಸ್ತುವು ರೂಪವನ್ನು ನಿರ್ಣಯಿಸಿತು. ರೂಪವು ವಸ್ತುವನ್ನು ಪೋಲುಮಾಡಲಿಲ್ಲ. ಇಂದಿನ ವಿದ್ಯಾರ್ಥಿಗೆ ಓಲೆಗರಿಯ ಸ್ಥಾನದಲ್ಲಿರುವುದು ಕಾಗದದಂಗಡಿಯ ಹಾಳೆ.

23 ಅಂಗುಲ ಅಗಲ, 36 ಅಂಗುಲ ಉದ್ದದ ಹಾಳೆಯನ್ನು ಮುದ್ರಣಾಲಯಗಳೆಲ್ಲ ಬಲ್ಲವು. ಅದನ್ನು ನಾಲ್ಕು ನಾಲ್ಕಾಗಿ ಭಾಗಿಸಿದರೆ 16 ಎಲೆಗಳು, ಅಂದರೆ 32 ಪುಟಗಳು ದೊರೆಯುತ್ತವೆ. ಅಂಚನ್ನು ಸವರಿದರೆ ಕನ್ನಡ ಓದುಗರಿಗೆ ಚಿರಪರಿಚಿತವಾದ ಡೆಮಿ ಅಷ್ಟದಳದ ಪುಸ್ತಕ. ಕಾಗದದ ಚೂರೂ ಹೆಚ್ಚಾಗಿ ನಷ್ಟವಾಗುವುದಿಲ್ಲ. ಆದರೆ ಚೌಕಾಕಾರದ ಪುಸ್ತಕ ಆಧುನಿಕವೆಂದು ತೋರಿ, ಎಲೆಯೊಂದಕ್ಕೆ 9 ಅಂಗುಲದ ಚೌಕವನ್ನು ಆರಿಸಿಕೊಂಡರೆ ಅದೇ ಹಾಳೆಯಲ್ಲಿ ಎಂಟು ಎಲೆಗಳು ಮಾತ್ರ ಹೊರಡುತ್ತವೆ. 5 ಅಂಗುಲ ಅಗಲದ ಪಟ್ಟಿ ಉದ್ದಕ್ಕೂ ಉಳಿದುಹೋಗುತ್ತದೆ. ಲೆಕ್ಕ ಹಾಕಿದರೆ ನೂರಕ್ಕೆ 21ಕ್ಕಿಂತಲೂ ಹೆಚ್ಚು ಭಾಗ ಮಸಿ ಸೋಂಕದೆಯೇ ರದ್ದಿಯಾಯಿತು. ಐದು ಮರಗಳಲ್ಲಿ ಒಂದನ್ನು ಕಡಿದು ಪುಸ್ತಕಕ್ಕೂ ಬಳಸದೆ ಚೆಲ್ಲಿದಂತೆ. ಆ ಚೌಕದಿಂದ ಓದುಗನಿಗೆ ಆದ ಲಾಭವೇನು?

ಪುಟಗಳ ಎಣಿಕೆಯೂ ಹೀಗೆಯೇ. 64 ಪುಟಗಳಿಗೆ ಎರಡು ಪೂರ್ಣ ಹಾಳೆಗಳು ಸಾಕು. ಬರಹ 66 ಪುಟಗಳಿಗೆ ಹರಿದರೆ ಮತ್ತೊಂದು ಹಾಳೆಗೆ ಕೈಹಾಕಬೇಕು. ಹೊಸ ಅಲ್ಯೂಮಿನಿಯಂ ಫಲಕ ಮಾಡಿಸಬೇಕು. ಯಂತ್ರವನ್ನು ಮತ್ತೊಮ್ಮೆ ಹದಗೊಳಿಸಬೇಕು. ಹಾಗೆ ಹದಗೊಳಿಸುವಾಗ ಕೆಡುವ ಹಾಳೆಗಳ ರಾಶಿ ಬೇರೆ. ಎರಡು ಪುಟಗಳ ಮಾತನ್ನು ಬಿಡಲಾರದ ಸಂಪಾದಕನು ಎಷ್ಟನ್ನು ವ್ಯಯಮಾಡುತ್ತಾನೆಂಬುದನ್ನು ವಿದ್ಯಾರ್ಥಿಯೇ ತೋರಿಸಿಕೊಡಬೇಕು. ವಾಕ್‌ಸಂಯಮವೂ ಕಾಗದದ ಸಂಯಮವೂ ಇಲ್ಲಿ ಒಂದೇ.

ಹಾಗೆಂದು ಅಕ್ಷರವನ್ನು ಕುಗ್ಗಿಸಿ ಪುಟ ಉಳಿಸುವುದು ಸಲ್ಲದು. ಕನ್ನಡದ ಸಾಲುಗಳ ಕೆಳಗೆ ಒತ್ತಕ್ಷರಗಳಿಗೆ ಎಡೆ ಬೇಕು. ಸ್ವಾಧ್ಯಾಯಕ್ಕೆ ಕುಳಿತುಕೊಳ್ಳುವವರಲ್ಲಿ ಬಹುಮಂದಿ ವಯಸ್ಸಾದವರು. ಅವರ ಕಣ್ಣಿಗೆ ನಿಲುಕದ ಪುಸ್ತಕ ಎಷ್ಟೇ ತೆಳ್ಳಗಿದ್ದರೂ ವ್ಯರ್ಥವೇ. ಓದಲಾಗದುದಕ್ಕಿಂತ ದೊಡ್ಡ ಪೋಲು ಇನ್ನೊಂದಿಲ್ಲ.

ಹೊಳಪು, ಅಂಟು, ಮಸಿ

ಕಾಗದದ ತೂಕವನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು, ಅಂದರೆ ಜಿ.ಎಸ್.ಎಂ. ಲೆಕ್ಕದಲ್ಲಿ ಅಳೆಯುತ್ತಾರೆ. ಎ4 ಅಳತೆಯ 200 ಪುಟಗಳ ಸಂಚಿಕೆಯನ್ನು 130 ಜಿ.ಎಸ್.ಎಂ. ಆರ್ಟ್ ಪೇಪರಿನಲ್ಲಿ ಮಾಡಿದರೆ, ಹೊದಿಕೆಯನ್ನು ಬಿಟ್ಟು, ಪ್ರತಿಯೊಂದು 810 ಗ್ರಾಂ ತೂಗುತ್ತದೆ. ಅದನ್ನೇ 70 ಜಿ.ಎಸ್.ಎಂ. ಮ್ಯಾಪ್‌ಲಿಥೋ ಕಾಗದದಲ್ಲಿ ಮಾಡಿದರೆ ತೂಕ ಸುಮಾರು 437 ಗ್ರಾಂ. ಎರಡು ಸಾವಿರ ಪ್ರತಿಗಳೆಂದರೆ ಸುಮಾರು 750 ಕಿಲೋಗ್ರಾಂಗಳ ಅಂತರ. ಈ ಮುಕ್ಕಾಲು ಟನ್ನು ಓದುಗನಿಗೆ ಒಂದು ವಾಕ್ಯವನ್ನೂ ಹೆಚ್ಚಾಗಿ ಕೊಡುವುದಿಲ್ಲ. ಹೊಳೆಯುವ ಲೇಪನದಲ್ಲಿ ದೀಪದ ಬೆಳಕು ಪ್ರತಿಫಲಿಸಿ ಕಣ್ಣಿಗೆ ಆಯಾಸವೇ ಹೆಚ್ಚು. ಕಾಗದ ಮರುಬಳಕೆಗೆ ಹೋದಾಗ ಆ ಲೇಪನ ನಾರಿನಿಂದ ಬೇರ್ಪಟ್ಟು ಕೆಸರಾಗುತ್ತದೆ. ತೇವ ತಗುಲಿದರೆ ಪುಟಗಳು ಅಂಟಿಕೊಂಡು ಬಿಡಿಸಲಾಗದಂತಾಗುತ್ತವೆ. ಕರಾವಳಿ ಮಲೆನಾಡುಗಳ ಬಸದಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮರವನ್ನೇ ನೆಚ್ಚದ ಕಾಗದವೂ ದೂರದಲ್ಲಿಲ್ಲ. ನೆರೆಯ ತಮಿಳುನಾಡಿನ ಸರ್ಕಾರ 1979ರಲ್ಲಿ ಸ್ಥಾಪಿಸಿದ ಕಾಗದ ಸಂಸ್ಥೆಯು ಕರೂರಿನ ಬಳಿ, ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಮುಖ್ಯ ಕಚ್ಚಾವಸ್ತುವಾಗಿ ಇಟ್ಟುಕೊಂಡು ಬೆಳೆಯಿತು. ಜಯಪುರದ ಬಳಿಯ ಸಾಂಗಾನೇರಿನಲ್ಲಿ ಬಟ್ಟೆಯ ಚೂರುಗಳಿಂದ ಕೈಕಾಗದ ಮಾಡುವ ಕಸುಬು ಇಂದಿಗೂ ಇದೆ. ಮರದ ಕಾಗದವನ್ನೇ ಬಳಸಬೇಕಾದಲ್ಲಿ, ಕಾಡಿನ ನಿರ್ವಹಣೆಯನ್ನು ಪರಿಶೀಲಿಸಿ ಪ್ರಮಾಣಪತ್ರ ನೀಡುವ ಪದ್ಧತಿಯೊಂದು 1993ರಿಂದ ಅಂತರರಾಷ್ಟ್ರೀಯವಾಗಿ ಬೆಳೆದುಬಂದಿದೆ. ಪ್ರಮಾಣಪತ್ರವೇ ಪುಣ್ಯವಲ್ಲ; ಆದರೆ ಕೇಳದವನಿಗೆ ಯಾವ ವ್ಯಾಪಾರಿಯೂ ಅದನ್ನು ತೋರಿಸುವುದಿಲ್ಲ.

ಹೊದಿಕೆಯ ಮೇಲೆ ಬಳಿಯುವ ಲ್ಯಾಮಿನೇಷನ್ ಎಂಬುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ತೆಳುಪೊರೆ. ಒಮ್ಮೆ ಅಂಟಿದ ಮೇಲೆ ಕಾಗದದಿಂದ ಅದನ್ನು ಬೇರ್ಪಡಿಸುವುದು ಕಷ್ಟ. ಅದು ಮಣ್ಣಿಗೂ ಸಲ್ಲದು, ಮರುಬಳಕೆಗೂ ಸಲ್ಲದು. ತುಸು ದಪ್ಪನೆಯ ಸಾದಾ ಹೊದಿಕೆ, ಅದರ ಮೇಲೆ ಮನೆಯ ಹಳೆಯ ಬಟ್ಟೆಯ ವೇಷ್ಟನ ಎಂಬ ಹಿರಿಯರ ಪದ್ಧತಿಗೆ ಏನು ಕೊರತೆಯಾಗಿತ್ತು? ಗೌರವಾರ್ಥವಾಗಿ ಗ್ರಂಥಗಳನ್ನು ರೇಷ್ಮೆಯಲ್ಲಿ ಸುತ್ತುವವರಂತೂ ಒಂದು ಕ್ಷಣ ನಿಂತು ಆಲೋಚಿಸಬೇಕು. ಗೂಡಿನೊಳಗಿನ ಹುಳುವನ್ನು ಬಿಸಿನೀರಿನಲ್ಲಿ ಕೊಂದು ತೆಗೆದ ನೂಲಿನಿಂದ ಜಿನವಾಣಿಗೆ ಯಾವ ಗೌರವ ಸಲ್ಲುತ್ತದೆ? ಹತ್ತಿ ಬಟ್ಟೆ ಬಡವಾಗಿ ಕಾಣಬಹುದು, ಅದು ನಿರ್ದೋಷವಾದುದು.

ಅಂಟಿನ ವಿಷಯದಲ್ಲಿ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಗಟ್ಟಿ ರಟ್ಟಿನ ಪುಸ್ತಕಗಳಿಗೆ ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆದ ಅಂಟನ್ನು ಬಳಸುವ ಪದ್ಧತಿ ಹಳೆಯದು. ಅದು ಇನ್ನೂ ಸಂಪೂರ್ಣವಾಗಿ ನಿಂತಿಲ್ಲ. ಫಲಕ ತಯಾರಿಸಲು ಬಳಸುತ್ತಿದ್ದ ಛಾಯಾಫಿಲ್ಮಿನ ಪೊರೆಯಲ್ಲಿಯೂ ಇದ್ದುದು ಅದೇ ಜಾತಿಯ ಜೆಲಟಿನ್. ಗಣಕದಿಂದ ನೇರವಾಗಿ ಫಲಕಕ್ಕೆ ಹೋಗುವ ವಿಧಾನ ಬಂದು ಫಿಲ್ಮು ಬಹುಮಟ್ಟಿಗೆ ಮರೆಯಾಗಿದೆ. ಆದರೆ ರಟ್ಟಿನ ಅಂಟು ಯಾವುದೆಂದು ಕೇಳುವ ಟ್ರಸ್ಟು ಎಲ್ಲಿದೆ? ಊಟದ ಎಲೆಯಲ್ಲಿ ಕಂದಮೂಲ ಬೀಳದಂತೆ ಎಚ್ಚರ ವಹಿಸುವವರು ಶಾಸ್ತ್ರದ ಬೆನ್ನಿಗೆ ಮೂಳೆಯ ಅಂಟು ಬೀಳದಂತೆಯೂ ಎಚ್ಚರ ವಹಿಸಬೇಡವೇ? ಪರಿಹಾರ ಸುಲಭವಾದುದು. ಚಿಕ್ಕ ಪುಸ್ತಕಕ್ಕೆ ನಡುವೆ ಎರಡು ಪಿನ್ನು ಸಾಕು, ಅಂಟೇ ಬೇಡ. ದೊಡ್ಡದಕ್ಕೆ ಫಾರಮುಗಳನ್ನು ಹತ್ತಿಯ ದಾರದಿಂದ ಹೊಲಿದು ಹಿಟ್ಟಿನ ಗಂಜಿಯನ್ನು ಬಳಸಬಹುದು. ಹಾಗೆ ಹೊಲಿದ ಪುಸ್ತಕ ಬಿಚ್ಚಿದರೂ ಮತ್ತೆ ಹೊಲಿಯಬಹುದು. ಎರಡು ಮೂರು ತಲೆಮಾರು ಬಾಳುತ್ತದೆ.

ಮಸಿಯಲ್ಲಿಯೂ ಆಯ್ಕೆಯುಂಟು. ಶತಮಾನಗಳ ಕಾಲ ಮುದ್ರಣದ ಮಸಿಗೆ ಅಗಸೆಯೆಣ್ಣೆಯೇ ಆಧಾರವಾಗಿತ್ತು. ಖನಿಜತೈಲ ಬಂದುದು ಆಮೇಲೆ. ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್ ನಗರದ ‘ಗೆಜೆಟ್’ ಪತ್ರಿಕೆ 1987ರಲ್ಲಿ ಸೋಯಾ ಎಣ್ಣೆಯ ಮಸಿಯಿಂದ ಅಚ್ಚಾಗಿ ಹೊಸ ದಾರಿ ತೋರಿತು. ಸಸ್ಯತೈಲದ ಮಸಿಗಳು ಇಂದು ಭಾರತದಲ್ಲಿಯೂ ದೊರೆಯುತ್ತವೆ. ಅವು ಪೂರ್ಣ ನಿರ್ದೋಷವೆಂದಲ್ಲ. ಬಣ್ಣ ಕೊಡುವ ದ್ರವ್ಯ ಮೊದಲಿನದೇ. ಆದುದರಿಂದ ಯಾವ ಮಸಿ ಎಂಬುದಕ್ಕಿಂತ ಎಷ್ಟು ಮಸಿ ಎಂಬುದು ಮುಖ್ಯ. ಪುಟವನ್ನೆಲ್ಲ ಕಡುಬಣ್ಣದಿಂದ ತುಂಬಿ ಅದರ ಮೇಲೆ ಬಿಳಿಯ ಅಕ್ಷರ ಕೂರಿಸುವ ಚಟವನ್ನು ವಿದ್ಯಾರ್ಥಿ ಬಿಡಬೇಕು. ಒಂದೇ ಬಣ್ಣದಲ್ಲಿ ಚೆಲುವನ್ನು ತರಬಲ್ಲವನೇ ನಿಜವಾದ ವಿನ್ಯಾಸಕಾರ.

ಈಚೆಗೆ ಬಂದ ‘ಬೀಜದ ಕಾಗದ’ದ ಆಮಂತ್ರಣವನ್ನು ಕುರಿತೂ ಒಂದು ಮಾತು. ಓದಿದ ಮೇಲೆ ಮಣ್ಣಿನಲ್ಲಿ ಹೂತರೆ ಗಿಡ ಹುಟ್ಟುತ್ತದೆಂದು ಅದನ್ನು ಕೊಂಡಾಡುತ್ತಾರೆ. ಬೀಜವನ್ನು ಸಚಿತ್ತವೆಂದು ತಿಳಿದ ಶ್ರಾವಕನಿಗೆ ಆ ಬೀಜಗಳಲ್ಲಿ ಎಷ್ಟು ಮಣ್ಣನ್ನು ಕಂಡಾವು, ಎಷ್ಟು ಕಸದ ಬುಟ್ಟಿಯಲ್ಲಿ ಒಣಗಿಯಾವು ಎಂಬ ಪ್ರಶ್ನೆ ಏಳಬೇಕು. ಜೀವವನ್ನು ಅಲಂಕಾರಕ್ಕೆ ಬಳಸುವುದು ಜೀವದಯೆಯಲ್ಲ.

ಆಕ್ಷೇಪಗಳು

ಧರ್ಮದ ಪ್ರಭಾವನೆಗೆ ವೈಭವ ಬೇಕು, ಸಾದಾ ಕಾಗದದ ಸಂಚಿಕೆಯಿಂದ ಸಮಾಜದ ಮರ್ಯಾದೆ ಕುಂದುತ್ತದೆ ಎಂಬುದು ಮೊದಲನೆಯ ಆಕ್ಷೇಪ. ಸರ್ವಸಂಗವನ್ನು ಪರಿತ್ಯಜಿಸಿ ವಸ್ತ್ರವನ್ನೂ ತೊರೆದು ನಿಂತ ಬಾಹುಬಲಿಯ ಮೂರ್ತಿಗಿಂತ ಮಿಗಿಲಾದ ಪ್ರಭಾವನೆ ಕನ್ನಡನಾಡಿನಲ್ಲಿ ಯಾವುದಿದೆ? ಅಲ್ಲಿ ಕಣ್ಣನ್ನು ಸೆಳೆಯುವುದು ಹೊಳಪಲ್ಲ, ಅಳತೆಯ ಶುದ್ಧಿ. ಪುಸ್ತಕಕ್ಕೂ ಅದೇ ಆದರ್ಶ ಸಾಲದೇ?

ಸಂಚಿಕೆಯ ಜಾಹೀರಾತುಗಳಿಂದಲೇ ಮಹೋತ್ಸವದ ವೆಚ್ಚ ತುಂಬುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ತೊಡಕು. ಇದನ್ನು ಹಗುರವಾಗಿ ಕಾಣಬಾರದು. ಸಂಚಿಕೆ ದಪ್ಪವಾಗುವುದು ಲೇಖನಗಳಿಂದಲ್ಲ, ‘ಹಾರ್ದಿಕ ಶುಭಾಶಯ’ಗಳ ಪೂರ್ಣಪುಟಗಳಿಂದ. ಆದರೆ ಆ ಪುಟಗಳನ್ನು ಕೊಳ್ಳುವವರಲ್ಲಿ ಹೆಚ್ಚಿನವರು ವ್ಯಾಪಾರವನ್ನು ಬಯಸಿ ಕೊಡುವವರಲ್ಲ, ದಾನವೆಂದೇ ಕೊಡುವವರು. ನೂರು ದಾನಿಗಳ ಹೆಸರು ಒಂದು ಹಾಳೆಯ ಎರಡು ಬದಿಗಳಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಶಾಸನಗಳಲ್ಲಿ ದಾನಿಗಳ ಹೆಸರುಗಳು ಒಂದರ ಹಿಂದೆ ಒಂದಾಗಿ ನಿಂತಿಲ್ಲವೇ? ಪೂರ್ಣಪುಟದ ಭಾವಚಿತ್ರವಿಲ್ಲದಿದ್ದರೆ ಕೊಡೆನೆನ್ನುವವನು ಒಬ್ಬಿಬ್ಬರಿರಬಹುದು. ಆ ನಷ್ಟವನ್ನು, ಉಳಿದ ಕಾಗದದ ಹಣ ಬಹುಮಟ್ಟಿಗೆ ತುಂಬಿಕೊಡುತ್ತದೆ.

ಹೆಚ್ಚು ಪ್ರತಿ ಹಾಕಿಸಿದರೆ ಒಂದೊಂದರ ಬೆಲೆ ಇಳಿಯುತ್ತದೆ ಎಂಬುದು ಮೂರನೆಯದು. ಓದದ ಪ್ರತಿಗೆ ಎಷ್ಟು ಕಡಿಮೆ ಬೆಲೆ ತೆತ್ತರೂ ಅದು ದುಬಾರಿಯೇ. ಇಂದು ಡಿಜಿಟಲ್ ಯಂತ್ರಗಳಲ್ಲಿ ಐವತ್ತು ಪ್ರತಿಗಳನ್ನೂ ಅಚ್ಚು ಹಾಕಿಸಬಹುದು, ಬೇಕೆನಿಸಿದಾಗ ಇನ್ನೈವತ್ತು.

ಹಾಗಾದರೆ ಎಲ್ಲವನ್ನೂ ಮೊಬೈಲಿನಲ್ಲಿ ಕಳುಹಿಸಬಾರದೇ ಎಂಬುದು ತರುಣರ ಪ್ರಶ್ನೆ. ದಿನ, ಸಮಯ, ಸ್ಥಳವನ್ನು ತಿಳಿಸುವ ಆಮಂತ್ರಣಕ್ಕೆ ಅದು ಸರಿಯಾದ ಮಾರ್ಗ. ಜಿನಬಿಂಬದ ಚಿತ್ರವನ್ನು ಹೊತ್ತ ಆಮಂತ್ರಣ ಪತ್ರಿಕೆ ನಾಲ್ಕು ದಿನಗಳ ಬಳಿಕ ಎಲ್ಲಿ ಬೀಳುತ್ತದೆಂದು ಎಲ್ಲರೂ ಬಲ್ಲರು. ಎಸೆಯಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಗೃಹಿಣಿಯರು ಪಡುವ ಸಂಕಟಕ್ಕೆ ಹೊಣೆ ಅದನ್ನು ವಿನ್ಯಾಸಗೊಳಿಸಿದವರದು. ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಪೊರೆಯನ್ನು 2022ರ ಜುಲೈ 1ರಿಂದ ಭಾರತ ಸರ್ಕಾರ ನಿಷೇಧಿಸಿದೆ. ಫ್ಲೆಕ್ಸುಗಳನ್ನು ಕರ್ನಾಟಕ ಸರ್ಕಾರ 2016ರಲ್ಲಿಯೇ ನಿಷೇಧಿಸಿತು. ಅಹಿಂಸೆಯ ಅನುಯಾಯಿಗಳಿಗೆ ಸರ್ಕಾರದ ಕಾನೂನು ಪಾಠ ಹೇಳಬೇಕಾಗಿ ಬಂದುದು ಹೆಮ್ಮೆಯ ವಿಷಯವಲ್ಲ. ಆದರೆ ನಿಧಾನವಾಗಿ, ಮತ್ತೆ ಮತ್ತೆ ಓದಬೇಕಾದ ಗ್ರಂಥಕ್ಕೆ ಕಾಗದವೇ ತಕ್ಕ ಆಶ್ರಯ. ಅದಕ್ಕೆ ವಿದ್ಯುತ್ತು ಬೇಡ. ವರ್ಷ ವರ್ಷಕ್ಕೆ ಹೊಸ ಉಪಕರಣ ಬೇಡ.

ಕರ್ತವ್ಯ

ಟ್ರಸ್ಟುಗಳ ಕರ್ತವ್ಯ ಸ್ಪಷ್ಟವಾಗಿದೆ. ಮುದ್ರಣದ ಠರಾವು ಮಾಡುವ ದಿನವೇ ವಿನ್ಯಾಸ ಬಲ್ಲ ಮಗುವನ್ನು ಸಭೆಗೆ ಕರೆದು ಕೂರಿಸಿಕೊಳ್ಳಲಿ. ಪುಸ್ತಕ ಯಾರಿಗಾಗಿ, ಎಷ್ಟು ಕಾಲ ಬಾಳಬೇಕು, ಓದಿ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿದ್ಧವಾಗದೆ ಮುದ್ರಣಾಲಯಕ್ಕೆ ಮುಂಗಡ ಹೋಗದಿರಲಿ. ಹಾ, ಆ ಮಗುವಿನ ಶ್ರಮಕ್ಕೆ ಪ್ರತಿಫಲವನ್ನೂ ಕೊಡಲಿ. ಧರ್ಮಕಾರ್ಯವೆಂದು ಹೇಳಿ ವಿದ್ಯೆಯನ್ನು ಉಚಿತವಾಗಿ ಪಡೆಯುವುದು ಅಸ್ತೇಯಕ್ಕೆ ಒಪ್ಪುವ ಮಾತಲ್ಲ.

ವಿದ್ಯಾರ್ಥಿಯ ಕರ್ತವ್ಯವೂ ಅಷ್ಟೇ ಸ್ಪಷ್ಟ. ಚಿತ್ರ ಬರೆಯುವ ಮೊದಲು ಕಾಗದದಂಗಡಿಗೆ ಹೋಗಿ ಹಾಳೆಯನ್ನು ಅಳೆಯಲಿ. ಮುದ್ರಣಾಲಯದಲ್ಲಿ ಒಂದು ದಿನ ನಿಂತು ಕತ್ತರಿಸುವ ಯಂತ್ರದ ಕೆಳಗೆ ಬೀಳುವ ಪಟ್ಟಿಗಳನ್ನು ಎಣಿಸಲಿ. ಬೇಡವೆಂದು ಹೇಳುವ ಧೈರ್ಯವನ್ನು ಕಲಿಯಲಿ. ಹಿರಿಯರು ಮುನಿದಾರೆಂದು ಅಂಜಿ ಸುಮ್ಮನಾದರೆ, ಕಲಿತ ವಿದ್ಯೆ ಆ ಅನರ್ಥದಂಡದಲ್ಲಿ ಪಾಲುದಾರನಾಗುತ್ತದೆ.

ಅತ್ತಿಮಬ್ಬೆಯ ಹೆಸರನ್ನು ಮುಂದಿನ ಸಮಾರಂಭದಲ್ಲಿ ಎತ್ತುವ ಮೊದಲು ಯಾವುದೇ ಆಡಳಿತ ಮಂಡಳಿ ಒಂದು ಕೆಲಸ ಮಾಡಿ ನೋಡಲಿ. ಸಾವಿರ ಪ್ರತಿಗಳನ್ನು ಅಚ್ಚು ಹಾಕಿಸಬೇಕೆಂದಿದ್ದರೆ, ಅವನ್ನು ಓದುವ ಸಾವಿರ ಜನರ ಹೆಸರುಗಳನ್ನು ಕುಳಿತು ಬರೆಯಲಿ. ಪಟ್ಟಿ ಮುನ್ನೂರಕ್ಕೆ ನಿಂತರೆ ಮುನ್ನೂರನ್ನೇ ಹಾಕಿಸಲಿ. ಆ ಮುನ್ನೂರು ಶಾಸ್ತ್ರದಾನ. ಉಳಿದ ಏಳುನೂರು ಪರಿಗ್ರಹ.